ಕಿಡ್ನಿ ಕಾಯಿಲೆಯಲ್ಲಿ ವಿಷಾಂಶಗಳು ಹೃದಯವನ್ನು ಹೇಗೆ ಕೆಡಿಸುತ್ತವೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಿಡ್ನಿ ಕಾಯಿಲೆ ಇದೆ ಎಂದು ಗೊತ್ತಾದ ದಿನದಿಂದ ಮನೆಮಂದಿಯ ಕಣ್ಣೆಲ್ಲ ಕ್ರಿಯಾಟಿನಿನ್ ಅಂಕಿಯ ಮೇಲೆಯೇ ಇರುತ್ತದೆ. ಆದರೆ ಐದು ಹಂತಗಳಲ್ಲಿ ಮೂರನೇ ಹಂತದ ಕಿಡ್ನಿ ಕಾಯಿಲೆಯವರಲ್ಲಿ ಡಯಾಲಿಸಿಸ್‌ವರೆಗೆ ಹೋಗುವವರಿಗಿಂತ ಹೃದಯ, ರಕ್ತನಾಳಗಳ ತೊಂದರೆಯಿಂದ ಅದಕ್ಕೂ ಮೊದಲೇ ತೀರಿಕೊಳ್ಳುವವರೇ ಹೆಚ್ಚು. ಹೀಗಾಗಿ ಕ್ರಿಯಾಟಿನಿನ್ ಜೊತೆಗೆ ಹೃದಯದ ಮೇಲೂ ಕಣ್ಣಿಡಬೇಕು. ಕೆಳಗಿನ ಉತ್ತರಗಳಲ್ಲಿರುವ ಪ್ರಮಾಣಗಳು ಸಾಮಾನ್ಯ ಮಾರ್ಗದರ್ಶನಕ್ಕಾಗಿ. ನಿಮ್ಮ ರಕ್ತಪರೀಕ್ಷೆ ನೋಡಿ ನಿಮ್ಮ ನೆಫ್ರಾಲಜಿಸ್ಟ್ (ಕಿಡ್ನಿ ತಜ್ಞರು) ಹೇಳಿದ ಅಂಕಿಯೇ ನಿಮಗೆ ಅಂತಿಮ.

ಕಿಡ್ನಿ ಕೆಟ್ಟರೆ ಹೃದಯಕ್ಕೆ ಯಾಕೆ ತೊಂದರೆ?

ನಾವು ಸುಮ್ಮನೆ ಕೂತಿರುವಾಗಲೂ ಹೃದಯ ಪಂಪ್ ಮಾಡುವ ರಕ್ತದಲ್ಲಿ ಸುಮಾರು ಐದನೇ ಒಂದು ಭಾಗ ಎರಡು ಕಿಡ್ನಿಗಳಿಗೆ ಹೋಗುತ್ತದೆ. ಕಿಡ್ನಿ ಸೋತಾಗ ಹೃದಯದ ಮೇಲೆ ಹಲವು ಹೊರೆ ಒಟ್ಟಿಗೇ ಬೀಳುತ್ತವೆ. ಉಪ್ಪು, ನೀರು ಒಳಗೇ ಉಳಿದು ಬಿಪಿ ಏರುತ್ತದೆ. ಎರಿಥ್ರೋಪೊಯೆಟಿನ್ ಎಂಬ ಹಾರ್ಮೋನು ಕಡಿಮೆಯಾಗಿ ರಕ್ತಹೀನತೆ ಬರುತ್ತದೆ, ಆಗ ಅಷ್ಟೇ ಆಮ್ಲಜನಕ ಮುಟ್ಟಿಸಲು ಹೃದಯ ಹೆಚ್ಚು ದುಡಿಯಬೇಕು. ಮೂತ್ರದಲ್ಲಿ ಹೋಗಬೇಕಾದ ವಸ್ತುಗಳು ರಕ್ತದಲ್ಲೇ ಉಳಿದು ರಕ್ತನಾಳದ ಒಳಪದರವನ್ನೂ ಹೃದಯದ ಸ್ನಾಯುವನ್ನೂ ಕೆಡಿಸುತ್ತವೆ. ಶುಗರ್ ಮತ್ತು ಬಿಪಿ ಎರಡೂ ಅಂಗಗಳನ್ನು ಕೆಡಿಸುತ್ತವೆ ಎಂಬುದು ನಿಜ. ಅವೆರಡನ್ನೂ ಲೆಕ್ಕಕ್ಕೆ ಹಿಡಿದ ಮೇಲೂ ಕಿಡ್ನಿ ಕಾಯಿಲೆಯವರಲ್ಲಿ ಹೃದಯದ ಅಪಾಯ ಹೆಚ್ಚೇ ಉಳಿಯುತ್ತದೆ.

ವಿಷಾಂಶ ಎಂದರೆ ಯೂರಿಯಾ ಮತ್ತು ಕ್ರಿಯಾಟಿನಿನ್ ತಾನೇ?

ಹಲವು ವಸ್ತುಗಳಲ್ಲಿ ಅವು ಎರಡು ಮಾತ್ರ. ಅದರಲ್ಲೂ ಕ್ರಿಯಾಟಿನಿನ್ ಹೃದಯಕ್ಕೆ ಹಾನಿ ಮಾಡುವ ವಸ್ತುವೇ ಅಲ್ಲ ಎನ್ನಬಹುದು. ಅದು ಸ್ನಾಯುಗಳಿಂದ ಬರುವ ಕಸ, ಕಿಡ್ನಿ ಎಷ್ಟು ಸೋಸುತ್ತಿದೆ ಎಂದು ತಿಳಿಸುವ ಗುರುತು ಅಷ್ಟೇ.

ಯೂರೋಪಿನ ತಜ್ಞರ ತಂಡವೊಂದು 2003ರಲ್ಲಿ ಈ ವಸ್ತುಗಳನ್ನು ಮೂರು ಗುಂಪು ಮಾಡಿತು. ಇಂದಿಗೂ ಹೆಚ್ಚಾಗಿ ಬಳಕೆಯಲ್ಲಿರುವುದು ಅದೇ. ಮೊದಲನೆಯದು ನೀರಿನಲ್ಲಿ ಕರಗುವ ಸಣ್ಣ ಅಣುಗಳು, 500 ಡಾಲ್ಟನ್‌ಗಿಂತ (ಅಣುವಿನ ತೂಕದ ಅಳತೆ) ಕಡಿಮೆ ತೂಕದವು: 60 ಡಾಲ್ಟನ್‌ನ ಯೂರಿಯಾ, 113ರ ಕ್ರಿಯಾಟಿನಿನ್, ಎಡಿಎಂಎ, ಟಿಎಂಎಒ. ಎರಡನೆಯದು ಮಧ್ಯಮ ಗಾತ್ರದವು. ಸುಮಾರು 11,800 ಡಾಲ್ಟನ್‌ನ ಬೀಟಾ-2 ಮೈಕ್ರೋಗ್ಲಾಬ್ಯುಲಿನ್, ಎಫ್‌ಜಿಎಫ್-23 ಎಂಬ ಹಾರ್ಮೋನು ಈ ಗುಂಪಿನವು. ಮೂರನೆಯದು ರಕ್ತದ ಆಲ್ಬುಮಿನ್ ಪ್ರೋಟೀನಿಗೆ ಅಂಟಿಕೊಂಡು ತಿರುಗುವವು: ಇಂಡಾಕ್ಸಿಲ್ ಸಲ್ಫೇಟ್, ಪಿ-ಕ್ರೆಸಿಲ್ ಸಲ್ಫೇಟ್. ಹೃದಯದ ವಿಷಯದಲ್ಲಿ ಹೆಚ್ಚು ತಲೆನೋವು ತಂದಿರುವುದು ಈ ಕೊನೆಯ ಎರಡು ಗುಂಪು. ನಿಮ್ಮ ಲ್ಯಾಬ್ ವರದಿಯಲ್ಲಿ ಇವುಗಳ ಹೆಸರೇ ಇರುವುದಿಲ್ಲ, ಸಾಮಾನ್ಯ ಲ್ಯಾಬ್‌ಗಳು ಇವನ್ನು ಅಳೆಯುವುದೂ ಇಲ್ಲ.

ಇವೆಲ್ಲ ಎಲ್ಲಿಂದ ಬರುತ್ತವೆ?

ಇವುಗಳಲ್ಲಿ ಹಲವು ಕರುಳಿನಿಂದ. ನಾವು ತಿಂದ ಪ್ರೋಟೀನಿನಲ್ಲಿ ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲ ಇರುತ್ತದೆ. ಚೆನ್ನಾಗಿ ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿದ ಭಾಗವನ್ನು ಅಲ್ಲಿನ ಬ್ಯಾಕ್ಟೀರಿಯಾ ಇಂಡೋಲ್ ಆಗಿ ಒಡೆಯುತ್ತವೆ. ಇಂಡೋಲ್ ಯಕೃತ್ತಿಗೆ ಹೋಗಿ ಇಂಡಾಕ್ಸಿಲ್ ಸಲ್ಫೇಟ್ ಆಗುತ್ತದೆ. ಆರೋಗ್ಯವಂತ ಕಿಡ್ನಿಯ ನಳಿಕೆಗಳು ಅದನ್ನು ಆಲ್ಬುಮಿನ್‌ನಿಂದ ಬಿಡಿಸಿ ಮೂತ್ರಕ್ಕೆ ಪಂಪ್ ಮಾಡುತ್ತವೆ. ಸೋತ ಕಿಡ್ನಿಗೆ ಆ ಶಕ್ತಿ ಇಲ್ಲ. ಪಿ-ಕ್ರೆಸಿಲ್ ಸಲ್ಫೇಟ್‌ನ ಕಥೆಯೂ ಹೀಗೆಯೇ, ಮೂಲ ಮಾತ್ರ ಟೈರೋಸಿನ್ ಮತ್ತು ಫೀನೈಲ್‌ಅಲನಿನ್. ಮೊಟ್ಟೆಯ ಹಳದಿ ಮತ್ತು ಕುರಿ, ಮೇಕೆ, ದನದಂಥ ಕೆಂಪು ಮಾಂಸದಲ್ಲಿರುವ ಕೋಲಿನ್, ಕಾರ್ನಿಟಿನ್‌ಗಳಿಂದ ಟಿಎಂಎಒ ಆಗುತ್ತದೆ.

ಹೃದಯದೊಳಗೆ ನಿಜವಾಗಿ ಏನಾಗುತ್ತದೆ?

ಮೊದಲ ಏಟು ರಕ್ತನಾಳದ ಒಳಪದರಕ್ಕೆ. ಆ ಪದರ ನೈಟ್ರಿಕ್ ಆಕ್ಸೈಡ್ ತಯಾರಿಸಿ ನಾಳವನ್ನು ಸಡಿಲವಾಗಿಡುತ್ತದೆ. ಎಡಿಎಂಎ ಆ ತಯಾರಿಕೆಯನ್ನೇ ತಡೆಯುತ್ತದೆ, ಇಂಡಾಕ್ಸಿಲ್ ಸಲ್ಫೇಟ್ ಒಳಪದರದಲ್ಲಿ ಉರಿಯೂತ ಎಬ್ಬಿಸುತ್ತದೆ. ನಾಳ ಬಿಗಿಯಾಗುತ್ತದೆ, ಬಿಪಿ ಏರುತ್ತದೆ.

ಎರಡನೇ ಏಟು ಹೃದಯದ ಗೋಡೆಗೆ. ಕಿಡ್ನಿ ರಂಜಕವನ್ನು (ಫಾಸ್ಫರಸ್) ಹೊರಹಾಕಲು ತಿಣುಕುವಾಗ ದೇಹ ಎಫ್‌ಜಿಎಫ್-23 ಹಾರ್ಮೋನನ್ನು ಹೆಚ್ಚಿಸುತ್ತದೆ. ರಕ್ತದಲ್ಲಿ ರಂಜಕ ಏರುವುದಕ್ಕೂ ಮೊದಲೇ ಇದು ಏರಿರುತ್ತದೆ. ಈ ಹಾರ್ಮೋನು ಹೃದಯದ ಜೀವಕೋಶಗಳನ್ನು ನೇರವಾಗಿ ದಪ್ಪ ಮಾಡಬಲ್ಲದು. ಜೊತೆಗೆ ಬಿಪಿ, ರಕ್ತಹೀನತೆ ಸೇರಿ ಎಡ ಹೃತ್ಕುಕ್ಷಿಯ, ಅಂದರೆ ದೇಹಕ್ಕೆ ರಕ್ತ ಪಂಪ್ ಮಾಡುವ ಕೋಣೆಯ, ಗೋಡೆ ದಪ್ಪವಾಗಿ ನಡುವೆ ನಾರು ಬೆಳೆಯುತ್ತದೆ. ಡಯಾಲಿಸಿಸ್ ಶುರು ಮಾಡುವ ಹೊತ್ತಿಗೆ ಬಹುಪಾಲು ಜನರ ಎಕೋದಲ್ಲಿ (ಹೃದಯದ ಸ್ಕ್ಯಾನ್) ಈ ದಪ್ಪ ಕಾಣುತ್ತದೆ. ದಪ್ಪನಾದ, ಬಿಗಿಯಾದ ಹೃದಯ ಸಡಿಲವಾಗಿ ತುಂಬಿಕೊಳ್ಳಲಾರದು. ಪಂಪಿಂಗ್ ಶೇಕಡಾವಾರು ಚೆನ್ನಾಗಿದ್ದರೂ ಮೆಟ್ಟಿಲು ಹತ್ತುವಾಗ ಏದುಸಿರು ಬರುವುದು ಇದರಿಂದ.

ಮೂರನೆಯದು ಸುಣ್ಣ ಕಟ್ಟುವುದು. ರಂಜಕ ಹೆಚ್ಚಾದಾಗ ರಕ್ತನಾಳದ ಗೋಡೆಯ ಸ್ನಾಯುಕೋಶಗಳು ಮೂಳೆಯ ಕೋಶಗಳಂತೆ ವರ್ತಿಸತೊಡಗುತ್ತವೆ, ಗೋಡೆಯ ನಡುಪದರದಲ್ಲಿ ಕ್ಯಾಲ್ಸಿಯಂ ಕಟ್ಟುತ್ತದೆ. ಹೃದಯದ ಕವಾಟಗಳಲ್ಲೂ ಹಾಗೆಯೇ. ಒಮ್ಮೆ ಕಟ್ಟಿದ ಸುಣ್ಣವನ್ನು ಕರಗಿಸುವ ನಂಬಲರ್ಹ ಔಷಧ ಇಂದಿಗೂ ಇಲ್ಲ. ರಂಜಕದ ವಿಷಯದಲ್ಲಿ ವೈದ್ಯರು ಅಷ್ಟು ಒತ್ತಾಯಿಸುವುದು ಅದಕ್ಕೇ.

ಇವು ವರ್ಷಗಟ್ಟಲೆ ನಡೆಯುವ ಹಾನಿ. ಪೊಟ್ಯಾಸಿಯಂ ಮಾತ್ರ ಗಂಟೆಗಳಲ್ಲಿ ಹೃದಯ ನಿಲ್ಲಿಸಬಲ್ಲದು. ಇನ್ನು ವಿಷಾಂಶ ತೀರಾ ಏರಿದಾಗ ಹೃದಯದ ಹೊರಪೊರೆ ಉರಿಯುತ್ತದೆ. ಆ ಎದೆನೋವು ಮಲಗಿದರೆ ಹೆಚ್ಚು, ಮುಂದಕ್ಕೆ ಬಾಗಿ ಕೂತರೆ ಕಡಿಮೆ. ಇದಕ್ಕೆ ತಡಮಾಡದೆ ಡಯಾಲಿಸಿಸ್ ಬೇಕು. ಪೊರೆಯೊಳಗೆ ರಕ್ತ ಸೋರಬಹುದಾದ ಕಾರಣ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇಲ್ಲದೆ ಮಾಡುತ್ತಾರೆ.

ಯಾವ ಹಂತದಿಂದ ಎಚ್ಚರ ಬೇಕು?

ಇಜಿಎಫ್ಆರ್, ಅಂದರೆ ಕಿಡ್ನಿ ನಿಮಿಷಕ್ಕೆ ಎಷ್ಟು ಸೋಸುತ್ತಿದೆ ಎಂಬ ಅಂದಾಜು, 60ಕ್ಕಿಂತ ಕೆಳಗಿಳಿದು ಮೂರು ತಿಂಗಳು ಅಲ್ಲೇ ಉಳಿದರೆ ದೀರ್ಘಕಾಲದ ಕಾಯಿಲೆ ಎನ್ನುತ್ತಾರೆ, ಎಚ್ಚರ ಆಗಿನಿಂದಲೇ. ಇಜಿಎಫ್ಆರ್ ಚೆನ್ನಾಗಿದ್ದೂ ಮೂತ್ರದಲ್ಲಿ ಆಲ್ಬುಮಿನ್ ಹೋಗುತ್ತಿದ್ದರೆ ಅದೂ ಹೃದಯಕ್ಕೆ ಅಪಾಯದ ಸೂಚನೆ. ಮೂತ್ರದ ಆಲ್ಬುಮಿನ್–ಕ್ರಿಯಾಟಿನಿನ್ ಅನುಪಾತ 30 ಮಿ.ಗ್ರಾಂ/ಗ್ರಾಂ ದಾಟಬಾರದು. ಈ ಪರೀಕ್ಷೆಯನ್ನು ಮಾಡಿಸಿಯೇ ಇರದ ಶುಗರ್ ರೋಗಿಗಳು ನಮ್ಮಲ್ಲಿ ತುಂಬಾ ಇದ್ದಾರೆ. ದಯವಿಟ್ಟು ವರ್ಷಕ್ಕೊಮ್ಮೆ ಕೇಳಿ ಮಾಡಿಸಿಕೊಳ್ಳಿ.

ಹೃದಯಕ್ಕೆ ಯಾವ ಪರೀಕ್ಷೆಗಳು?

ಇಸಿಜಿ ಮತ್ತು ಎಕೋ. ಡಯಾಲಿಸಿಸ್‌ನಲ್ಲಿರುವವರು ಎಕೋವನ್ನು ಡ್ರೈ ವೇಟ್‌ಗೆ (ಹೆಚ್ಚಿನ ನೀರು ತೆಗೆದ ಮೇಲಿನ ತೂಕ) ಹತ್ತಿರವಿರುವಾಗ, ಅಂದರೆ ಡಯಾಲಿಸಿಸ್ ಆದ ಮರುದಿನ ಮಾಡಿಸುವುದು ಒಳ್ಳೆಯದು. ನೀರು ತುಂಬಿರುವಾಗ ಮಾಡಿಸಿದರೆ ಹೃದಯ ಇರುವುದಕ್ಕಿಂತ ಕೆಟ್ಟದಾಗಿ ಕಾಣುತ್ತದೆ. ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಟ್ರೋಪೊನಿನ್ ಎಂಬ ಪ್ರೋಟೀನು ಹಲವು ಕಿಡ್ನಿ ರೋಗಿಗಳಲ್ಲಿ ಸದಾ ಸ್ವಲ್ಪ ಹೆಚ್ಚಿರುತ್ತದೆ. ಒಂದು ಅಂಕಿ ನೋಡಿ ಹಾರ್ಟ್ ಅಟ್ಯಾಕ್ ಎನ್ನಲಾಗದು. ಕೆಲವು ಗಂಟೆ ಬಿಟ್ಟು ಮತ್ತೆ ಅಳೆದು, ಏರುತ್ತಿದೆಯೇ ಎಂದು ನೋಡಬೇಕು. ಹಳೆಯ ವರದಿಗಳ ಫೈಲನ್ನು ಆಸ್ಪತ್ರೆಗೆ ಹೋಗುವಾಗ ಒಯ್ಯಿರಿ, ಹೋಲಿಸಲು ಅದು ಬೇಕೇ ಬೇಕು.

ಪೊಟ್ಯಾಸಿಯಂ ಎಷ್ಟಾದರೆ ಅಪಾಯ?

ಲೀಟರಿಗೆ 5.5 ಮಿಲಿಮೋಲ್ ದಾಟಿದರೆ ವೈದ್ಯರಿಗೆ ತಿಳಿಸಿ. 6.5 ದಾಟಿದರೆ ಆಸ್ಪತ್ರೆಗೆ ಓಡಬೇಕಾದ ಸ್ಥಿತಿ. ಇಸಿಜಿಯಲ್ಲಿ ಟಿ ಅಲೆ ಚೂಪಾಗಿ ಎತ್ತರವಾಗುತ್ತದೆ, ಆಮೇಲೆ ಕ್ಯೂಆರ್‌ಎಸ್ ಎಂಬ ಅಲೆಗಳ ಭಾಗ ಅಗಲವಾಗುತ್ತದೆ. ಆದರೆ ಇಸಿಜಿ ಸರಿಯಾಗಿ ಕಂಡಿತೆಂದು ನಿಶ್ಚಿಂತೆ ಬೇಡ, ಕೆಲವರಲ್ಲಿ ಬದಲಾವಣೆ ಕಾಣದೆಯೂ ಹೃದಯ ನಿಲ್ಲಬಹುದು. ಕಾಲು ಸೋಲುವುದು, ಎದೆ ಡವಡವ, ತಲೆ ಸುತ್ತುವುದು ಇದರ ಲಕ್ಷಣಗಳಿರಬಹುದು. ಯಾವ ಲಕ್ಷಣವೂ ಇಲ್ಲದಿರುವುದೇ ಹೆಚ್ಚು.

ಆಸ್ಪತ್ರೆಯಲ್ಲಿ ಮೊದಲು ಕ್ಯಾಲ್ಸಿಯಂ ಗ್ಲುಕೊನೇಟ್ ನಾಳಕ್ಕೆ ಕೊಡುತ್ತಾರೆ. ಅದು ಪೊಟ್ಯಾಸಿಯಂ ಇಳಿಸುವುದಿಲ್ಲ, ಹೃದಯಕ್ಕೆ ರಕ್ಷಣೆ ಕೊಡುತ್ತದೆ. ಇನ್ಸುಲಿನ್ ಮತ್ತು ಗ್ಲೂಕೋಸ್ ಪೊಟ್ಯಾಸಿಯಂ ಅನ್ನು ತಾತ್ಕಾಲಿಕವಾಗಿ ಜೀವಕೋಶದೊಳಗೆ ತಳ್ಳುತ್ತವೆ. ಕಿಡ್ನಿ ಪೂರ್ತಿ ಸೋತವರಲ್ಲಿ ಅದನ್ನು ದೇಹದಿಂದ ಬೇಗ ಹೊರತೆಗೆಯುವುದು ಡಯಾಲಿಸಿಸ್.

ಮನೆ ಅಡುಗೆಯಲ್ಲಿ ಪೊಟ್ಯಾಸಿಯಂ ಹೇಗೆ ಕಡಿಮೆ ಮಾಡುವುದು?

ಮೊದಲು ಒಂದು ಮಾತು: ರಕ್ತದಲ್ಲಿ ಪೊಟ್ಯಾಸಿಯಂ ಸರಿಯಿದ್ದವರು ಹಣ್ಣು ತರಕಾರಿ ಬಿಡಬೇಕಿಲ್ಲ. ಹೆಚ್ಚಿದ್ದವರಿಗೆ ಮಾತ್ರ ಕೆಳಗಿನದು.

ತರಕಾರಿ, ಸೊಪ್ಪು, ಗೆಡ್ಡೆಗಳನ್ನು ಸಿಪ್ಪೆ ತೆಗೆದು ಸಣ್ಣಗೆ ಹೆಚ್ಚಿ, ಧಾರಾಳ ನೀರಿನಲ್ಲಿ ಬೇಯಿಸಿ, ಆ ನೀರು ಬಸಿದು ಚೆಲ್ಲಿ, ಆಮೇಲೆ ಪಲ್ಯವೋ ಹುಳಿಯೋ ಮಾಡಿ. ಹೀಗೆ ಮಾಡಿದರೆ ಸುಮಾರು ಅರ್ಧದಷ್ಟು ಪೊಟ್ಯಾಸಿಯಂ ನೀರಿಗೆ ಇಳಿಯುತ್ತದೆ. ಬರೀ ನೆನೆಸಿಟ್ಟರೆ ಅಷ್ಟು ಹೋಗದು. ಕುಕ್ಕರಿನಲ್ಲಿ ಕಡಿಮೆ ನೀರು ಹಾಕಿ ಕೂಗಿಸಿದರೆ ಎಲ್ಲವೂ ಪಾತ್ರೆಯಲ್ಲೇ ಉಳಿಯುತ್ತದೆ.

ಹಳೇ ಮೈಸೂರು ಕಡೆಯ ಮನೆಗಳು ಇಲ್ಲಿ ವಿಶೇಷ ಗಮನ ಕೊಡಬೇಕು. ಬಸ್ಸಾರು ಮಾಡುವುದೇ ಸೊಪ್ಪು, ಕಾಳು ಬೇಯಿಸಿ ಬಸಿದ ಕಟ್ಟಿನಿಂದ. ಚೆಲ್ಲಬೇಕಾದ ಪೊಟ್ಯಾಸಿಯಂ ಎಲ್ಲ ಆ ಕಟ್ಟಿನಲ್ಲೇ ಇರುತ್ತದೆ. ಹುರುಳಿಕಟ್ಟಿನ ಸಾರೂ ಹಾಗೆಯೇ. ಪೊಟ್ಯಾಸಿಯಂ ಹೆಚ್ಚಿರುವವರು ಬಸಿದ ಕಾಳು, ಸೊಪ್ಪಿನ ಪಲ್ಯ ತಿನ್ನಲಿ, ಸಾರು ಮನೆಯ ಉಳಿದವರಿಗಿರಲಿ.

ಎಳನೀರು ಬೇಡ. ಸಾಮಾನ್ಯ ಗಾತ್ರದ ಒಂದು ಬುರುಡೆಯಲ್ಲಿ 600 ಮಿ.ಗ್ರಾಂ ಅಥವಾ ಅದಕ್ಕೂ ಹೆಚ್ಚು ಪೊಟ್ಯಾಸಿಯಂ ಇರಬಹುದು, ನಿರ್ಬಂಧ ಇರುವವರ ಇಡೀ ದಿನದ ಮಿತಿಯೇ ಸುಮಾರು 2000 ಮಿ.ಗ್ರಾಂ. ಬಾಯಾರಿಕೆಗೆ, ಉರಿಮೂತ್ರಕ್ಕೆ ಎಳನೀರು ಕುಡಿಸುವ ನಮ್ಮ ಅಭ್ಯಾಸ ಬೇರೆಯವರಿಗೆ ಒಳ್ಳೆಯದು, ಈ ರೋಗಿಗಳಿಗಲ್ಲ. ಬಾಳೆದಿಂಡಿನ ರಸವೂ ಬೇಡ. ಲೋ ಸೋಡಿಯಂ ಉಪ್ಪು ಎಂದು ಮಾರುವ ಪ್ಯಾಕೆಟ್ ಇನ್ನೂ ಅಪಾಯ, ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿರುತ್ತಾರೆ.

ಕರಾವಳಿ, ಮಲೆನಾಡಿನವರು ಕಮರಾಕ್ಷಿಯನ್ನು, ಅಂದರೆ ಧಾರೆಹುಳಿಯನ್ನು ಮುಟ್ಟಲೇಬಾರದು. ಅಡ್ಡ ಕೊಯ್ದರೆ ನಕ್ಷತ್ರದಂತೆ ಕಾಣುವ ಹಣ್ಣು ಅದು. ಅದರಲ್ಲಿರುವ ಕ್ಯಾರಂಬಾಕ್ಸಿನ್ ಎಂಬ ನರವಿಷವನ್ನು ಸೋತ ಕಿಡ್ನಿ ಹೊರಹಾಕಲಾರದು. ನಿಲ್ಲದ ಬಿಕ್ಕಳಿಕೆ, ಗೊಂದಲ, ಫಿಟ್ಸ್ ಬಂದು ಸಾವೂ ಸಂಭವಿಸಿದೆ. ಒಂದೇ ಹಣ್ಣೂ ಅಪಾಯವಾಗಬಹುದು.

ರಂಜಕದ ಮಾತ್ರೆಯನ್ನು ಊಟದ ಜೊತೆಗೇ ಯಾಕೆ ತಿನ್ನಬೇಕು?

ಅದು ಹೊಟ್ಟೆಯೊಳಗೆ ಊಟದ ರಂಜಕವನ್ನೇ ಹಿಡಿದು ಮಲದಲ್ಲಿ ಒಯ್ಯುವ ಮಾತ್ರೆ. ಊಟವಾಗಿ ಎರಡು ಗಂಟೆ ಬಿಟ್ಟು ನುಂಗಿದರೆ ಹಿಡಿಯಲು ಏನೂ ಇರುವುದಿಲ್ಲ. ಕ್ಯಾಲ್ಸಿಯಂ ಕಾರ್ಬೊನೇಟ್ ಆದರೆ ಇನ್ನೊಂದು ಹಾನಿ: ಖಾಲಿ ಹೊಟ್ಟೆಯಲ್ಲಿ ತಿಂದರೆ ಕ್ಯಾಲ್ಸಿಯಂ ರಕ್ತಕ್ಕೆ ಸೇರಿ ಸುಣ್ಣ ಕಟ್ಟಲು ನೆರವಾಗುತ್ತದೆ. ಮಂಡಿನೋವಿಗೆಂದು ನೀವೇ ಕ್ಯಾಲ್ಸಿಯಂ ಮಾತ್ರೆ ಕೊಂಡು ತಿನ್ನಬೇಡಿ.

ಆಹಾರದಲ್ಲಿ ರಾಗಿ, ಬೇಳೆಕಾಳುಗಳ ರಂಜಕ ಅರ್ಧದಷ್ಟೂ ರಕ್ತಕ್ಕೆ ಸೇರದಿರಬಹುದು. ಕೋಲಾ, ಪ್ರೊಸೆಸ್ಡ್ ಚೀಸ್, ಪ್ಯಾಕೆಟ್ ಮಾಂಸಕ್ಕೆ ಸೇರಿಸುವ ಫಾಸ್ಫೇಟ್ ಮಾತ್ರ ಬಹುತೇಕ ಪೂರ್ತಿ ಸೇರುತ್ತದೆ. ಆದ್ದರಿಂದ ಮುದ್ದೆಯ ಗಾತ್ರಕ್ಕಿಂತ ಮೊದಲು ನಿಲ್ಲಬೇಕಾದ್ದು ಪ್ಯಾಕೆಟ್ ತಿಂಡಿ, ಕೋಲಾ.

ಪ್ರೋಟೀನಿನಿಂದ ವಿಷಾಂಶ ಆಗುವುದಾದರೆ ಬೇಳೆ, ಮೊಟ್ಟೆ ಎಲ್ಲ ಬಿಟ್ಟುಬಿಡಬಹುದೇ?

ಬೇಡ. ಡಯಾಲಿಸಿಸ್ ಇಲ್ಲದ 3ರಿಂದ 5ನೇ ಹಂತದವರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.8 ಗ್ರಾಂ ಸಾಕು. 60 ಕಿಲೋದವರಿಗೆ 48 ಗ್ರಾಂ. ಡಯಾಲಿಸಿಸ್ ಶುರುವಾದ ಮೇಲೆ ಲೆಕ್ಕ ತಿರುಗುತ್ತದೆ, ಆಗ 1.0ರಿಂದ 1.2 ಗ್ರಾಂ ಬೇಕು. ಹಳೆಯ ಪಥ್ಯವನ್ನೇ ಮುಂದುವರಿಸಿ ಬರೀ ಗಂಜಿ ಕುಡಿದು ಸೊರಗುವ ಡಯಾಲಿಸಿಸ್ ರೋಗಿಗಳ ಆಯಸ್ಸು ಕಡಿಮೆಯಾಗುತ್ತದೆ. ಸ್ನಾಯು ಕರಗಿದಾಗ ಕ್ರಿಯಾಟಿನಿನ್ ತಾನಾಗಿ ಇಳಿಯುತ್ತದೆ. ಅದನ್ನು ನೋಡಿ ಖುಷಿಪಡುವುದು ಎಷ್ಟು ತಪ್ಪು ಎಂದು ಯೋಚಿಸಿ.

ಕ್ರಿಯಾಟಿನಿನ್ ಇಳಿಸುವ ಕಷಾಯ, ಡಿಟಾಕ್ಸ್ ಜ್ಯೂಸ್ ಕುಡಿಯಬಹುದೇ?

ಖಂಡಿತ ಬೇಡ. ಹಸಿರು ಸೊಪ್ಪಿನ ಜ್ಯೂಸ್ ಎಂದರೆ ಪೊಟ್ಯಾಸಿಯಂ ಮತ್ತು ಆಕ್ಸಲೇಟ್‌ನ ಲೋಟ. ಬಿಂಬುಳಿ ರಸ ಕುಡಿದು ಆಕ್ಸಲೇಟ್ ಹರಳು ಕಟ್ಟಿ ಕಿಡ್ನಿ ಥಟ್ಟನೆ ನಿಂತ ಪ್ರಕರಣಗಳು ಪಕ್ಕದ ಕೇರಳದಿಂದ ವರದಿಯಾಗಿವೆ. ಒಳಗೇನಿದೆ ಎಂದು ಬರೆಯದ ಪುಡಿಗಳಲ್ಲಿ ಭಾರಲೋಹ, ನೋವುಮಾತ್ರೆ ಬೆರೆತಿರಬಹುದು. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವುಮಾತ್ರೆಗಳು ಕಿಡ್ನಿಯನ್ನೂ ಹೃದಯವನ್ನೂ ಒಟ್ಟಿಗೆ ಕೆಡಿಸುತ್ತವೆ.

ಹೃದಯಕ್ಕೆಂದು ಕೊಟ್ಟ ಮಾತ್ರೆ ಶುರುಮಾಡಿದ ಮೇಲೆ ಕ್ರಿಯಾಟಿನಿನ್ ಏರಿತು. ನಿಲ್ಲಿಸಬೇಕೇ?

ನೀವಾಗಿ ನಿಲ್ಲಿಸಬೇಡಿ. ಅತಿ ಹೆಚ್ಚು ಹಾನಿ ಆಗುವುದು ಇಲ್ಲಿಯೇ. ರಾಮಿಪ್ರಿಲ್, ಟೆಲ್ಮಿಸಾರ್ಟನ್ ಗುಂಪಿನ ಬಿಪಿ ಮಾತ್ರೆಗಳು ಕಿಡ್ನಿಯ ಸೋಸುವ ಗಂಟುಗಳೊಳಗಿನ ಒತ್ತಡ ಇಳಿಸುತ್ತವೆ. ಒತ್ತಡ ಇಳಿದಾಗ ಕ್ರಿಯಾಟಿನಿನ್ ಸ್ವಲ್ಪ ಏರುವುದು ಸಹಜ. ನಾಲ್ಕು ವಾರದೊಳಗೆ ಶೇ 30ರವರೆಗಿನ ಏರಿಕೆಯನ್ನು ಒಪ್ಪಿಕೊಳ್ಳಬಹುದು. ಅದಕ್ಕಿಂತ ಹೆಚ್ಚಾದರೆ ಕಾರಣ ಹುಡುಕಬೇಕು: ನೀರಿನಂಶ ಕಡಿಮೆಯಾಗಿದೆಯೇ, ನೋವುಮಾತ್ರೆ ತಿಂದಿದ್ದಾರೆಯೇ, ಕಿಡ್ನಿಯ ರಕ್ತನಾಳ ಕಟ್ಟಿದೆಯೇ? ಶುರು ಮಾಡಿದ 2ರಿಂದ 4 ವಾರದಲ್ಲಿ ಕ್ರಿಯಾಟಿನಿನ್, ಪೊಟ್ಯಾಸಿಯಂ ಎರಡನ್ನೂ ಪರೀಕ್ಷಿಸಿ.

ಮೂಲತಃ ಶುಗರ್‌ಗೆಂದು ಬಂದ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪೂ ಹಾಗೆಯೇ, ಆರಂಭದಲ್ಲಿ ಇಜಿಎಫ್ಆರ್ ಸ್ವಲ್ಪ ಇಳಿದು ಆಮೇಲೆ ಇಳಿಕೆಯ ವೇಗ ಕಡಿಮೆಯಾಗುತ್ತದೆ. 2020ರಲ್ಲಿ ಪ್ರಕಟವಾದ ಡಪಾ-ಸಿಕೆಡಿ ಅಧ್ಯಯನದಲ್ಲಿ ಶುಗರ್ ಇಲ್ಲದ ಕಿಡ್ನಿ ರೋಗಿಗಳಿಗೂ ಲಾಭ ಕಂಡಿತು, ಹೃದಯ ವೈಫಲ್ಯವೂ ಸಾವೂ ಕಡಿಮೆಯಾದವು. ಇಜಿಎಫ್ಆರ್ 20ರವರೆಗೆ ಇದನ್ನು ಶುರು ಮಾಡಬಹುದು. ಭಾರತದಲ್ಲಿ ಡಪಾಗ್ಲಿಫ್ಲೋಜಿನ್‌ನ ಪೇಟೆಂಟ್ ಮುಗಿದು ಹಲವು ಕಂಪನಿಗಳು ಕಡಿಮೆ ಬೆಲೆಗೆ ಮಾರುತ್ತಿವೆ. ವಾಂತಿ, ಭೇದಿ, ಉಪವಾಸ ಇದ್ದ ದಿನ ಈ ಎರಡೂ ಗುಂಪಿನ ಮಾತ್ರೆಗಳ ಬಗ್ಗೆ ವೈದ್ಯರಿಗೆ ಫೋನ್ ಮಾಡಿ, ಸಾಮಾನ್ಯವಾಗಿ ಎರಡು ಮೂರು ದಿನ ನಿಲ್ಲಿಸಿ ಮತ್ತೆ ಶುರು ಮಾಡಲು ಹೇಳುತ್ತಾರೆ. ಮತ್ತೆ ಶುರು ಮಾಡುವುದನ್ನು ಮರೆಯಬೇಡಿ.

ಕೊಲೆಸ್ಟ್ರಾಲ್ ಮಾತ್ರೆ: 50 ದಾಟಿದ, ಡಯಾಲಿಸಿಸ್ ಇಲ್ಲದ ಕಿಡ್ನಿ ರೋಗಿಗಳಿಗೆ ಸ್ಟ್ಯಾಟಿನ್ ಬೇಕು. ಡಯಾಲಿಸಿಸ್ ಶುರುವಾದ ಮೇಲೆ ಹೊಸದಾಗಿ ಶುರು ಮಾಡಿದರೆ ಲಾಭ ಕಂಡಿಲ್ಲ, ಮೊದಲೇ ತಿನ್ನುತ್ತಿದ್ದರೆ ಮುಂದುವರಿಸುತ್ತಾರೆ.

ಡಯಾಲಿಸಿಸ್ ಎಲ್ಲ ವಿಷವನ್ನೂ ತೆಗೆಯುತ್ತದಲ್ಲವೇ?

ಇಲ್ಲ. ನಾಲ್ಕು ಗಂಟೆಯ ಒಂದು ಸರದಿಯಲ್ಲಿ ಯೂರಿಯಾ ಶೇ 65ರಿಂದ 70ರಷ್ಟು ಇಳಿಯುತ್ತದೆ. ಆಲ್ಬುಮಿನ್‌ಗೆ ಅಂಟಿದ ಇಂಡಾಕ್ಸಿಲ್ ಸಲ್ಫೇಟ್ ಮೂರನೇ ಒಂದು ಭಾಗದಷ್ಟು ಇಳಿದರೆ ಹೆಚ್ಚು. ಆಲ್ಬುಮಿನ್ ದೊಡ್ಡದು, ಪೊರೆಯ ರಂಧ್ರ ದಾಟದು, ಬಿಡಿಯಾಗಿರುವ ಚೂರು ಮಾತ್ರ ಹೊರಹೋಗುತ್ತದೆ. ರಂಜಕ ಒಂದು ಸರದಿಗೆ ಸುಮಾರು 800ರಿಂದ 1000 ಮಿ.ಗ್ರಾಂ ಹೋಗುತ್ತದೆ, ವಾರದ ಮೂರು ಸರದಿಯಲ್ಲಿ ಹೋಗುವುದಕ್ಕಿಂತ ವಾರವಿಡೀ ಊಟದಿಂದ ಸೇರುವುದು ಹೆಚ್ಚು. ಆದ್ದರಿಂದ ಡಯಾಲಿಸಿಸ್ ಇದ್ದರೂ ರಂಜಕದ ಮಾತ್ರೆ ತಪ್ಪದು.

ಹೀಮೋಡಯಾಫಿಲ್ಟ್ರೇಷನ್ ಎಂಬ ವಿಧಾನ ಮಧ್ಯಮ ಗಾತ್ರದ ಅಣುಗಳನ್ನು ಚೆನ್ನಾಗಿ ತೆಗೆಯುತ್ತದೆ. 2023ರಲ್ಲಿ ಪ್ರಕಟವಾದ ಕನ್ವಿನ್ಸ್ ಅಧ್ಯಯನದಲ್ಲಿ ಇದರಿಂದ ಸಾವಿನ ಅಪಾಯ ಶೇ 23ರಷ್ಟು ಕಡಿಮೆಯಾಯಿತು. ಆದರೆ ಒಂದು ಸರದಿಯಲ್ಲಿ 23 ಲೀಟರ್ ಅಥವಾ ಅದಕ್ಕಿಂತ ಹೆಚ್ಚು ದ್ರವ ಸೋಸುವ ಗುರಿ ಇಟ್ಟುಕೊಂಡಾಗಿನ ಮಾತು ಇದು.

ದಿನಕ್ಕೆ ಒಂದು ಲೋಟ ಮೂತ್ರ ಇನ್ನೂ ಬರುತ್ತಿದ್ದರೂ ಅದನ್ನು ಕಾಪಾಡಿಕೊಳ್ಳಿ. ಯಂತ್ರಕ್ಕೆ ಆಗದ್ದನ್ನು ಉಳಿದಿರುವ ಆ ಸ್ವಲ್ಪ ಕಿಡ್ನಿ ಮಾಡುತ್ತಿರುತ್ತದೆ.

ಇದ್ದಿಲಿನ ಮಾತ್ರೆ ವಿಷ ಹೀರುತ್ತದಂತೆ, ನಿಜವೇ?

ಎಎಸ್‌ಟಿ-120 ಎಂಬ ವಿಶೇಷ ಇದ್ದಿಲು ಕರುಳಿನಲ್ಲಿ ಇಂಡೋಲ್ ಹೀರುತ್ತದೆ. ಜಪಾನಿನಲ್ಲಿ 1991ರಿಂದ ಬಳಕೆಯಲ್ಲಿದೆ. 2015ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನಗಳಲ್ಲಿ ಕಿಡ್ನಿ ಉಳಿಸುವ ಲಾಭ ರುಜುವಾಗಲಿಲ್ಲ. ಅಂಗಡಿಯಲ್ಲಿ ಸಿಗುವ ಸಾದಾ ಇದ್ದಿಲಿನ ಮಾತ್ರೆ ನಿಮ್ಮ ಬೇರೆ ಔಷಧಗಳನ್ನೂ ಹೀರಿಬಿಡುತ್ತದೆ.

ಮಲಬದ್ಧತೆಗೂ ಇದಕ್ಕೂ ಸಂಬಂಧ ಇದೆಯೇ?

ಇದೆ. ಮಲ ಕರುಳಿನಲ್ಲಿ ಹೆಚ್ಚು ಹೊತ್ತು ನಿಂತಷ್ಟೂ ಬ್ಯಾಕ್ಟೀರಿಯಾ ಹೆಚ್ಚು ಇಂಡೋಲ್, ಕ್ರೆಸಾಲ್ ಮಾಡುತ್ತವೆ. ಕಿಡ್ನಿ ಸೋತವರಲ್ಲಿ ಮಲದ ಮೂಲಕ ಹೋಗುವ ಪೊಟ್ಯಾಸಿಯಂ ಪಾಲೂ ದೊಡ್ಡದು. ಹೊಟ್ಟೆ ಕಟ್ಟಿದರೆ ಅದೂ ಉಳಿಯುತ್ತದೆ. ನೀರು ಮಿತಿಯಲ್ಲಿರುವವರು ಇಸಬ್ಗೋಲ್ ತಿಂದರೆ ಅದು ಕರುಳಿನಲ್ಲೇ ಗಟ್ಟಿಯಾಗಬಹುದು, ವೈದ್ಯರನ್ನು ಕೇಳಿ ಲ್ಯಾಕ್ಟುಲೋಸ್ ತೆಗೆದುಕೊಳ್ಳುವುದು ಮೇಲು.

ಡಯಾಲಿಸಿಸ್‌ನಲ್ಲಿರುವವರು ಎಷ್ಟು ನೀರು ಕುಡಿಯಬಹುದು?

ಹಿಂದಿನ ದಿನ ಹೋದ ಮೂತ್ರದಷ್ಟು, ಜೊತೆಗೆ 500 ಮಿ.ಲೀ. ಸಾರು, ಮಜ್ಜಿಗೆ, ಕಾಫಿ ಎಲ್ಲ ಸೇರಿ. ಎರಡು ಸರದಿಗಳ ನಡುವೆ ತೂಕ ಡ್ರೈ ವೇಟ್‌ನ ಶೇ 4ಕ್ಕಿಂತ ಹೆಚ್ಚು ಏರದಿರಲಿ. ಯಾಕೆಂದರೆ ನೀರು ತೆಗೆಯುವ ವೇಗ ಗಂಟೆಗೆ ಕಿಲೋಗೆ 13 ಮಿ.ಲೀ. ದಾಟಿದರೆ ಹೃದಯದ ಸ್ನಾಯುವಿಗೆ ಸಾಕಷ್ಟು ರಕ್ತ ಸಿಗದೆ ಅದರ ಭಾಗಗಳು ಮಂಕಾಗುತ್ತವೆ. ಪದೇ ಪದೇ ಹಾಗಾದರೆ ಗಾಯ ಶಾಶ್ವತ. 60 ಕಿಲೋದವರಿಗೆ ನಾಲ್ಕು ಗಂಟೆಯಲ್ಲಿ 13 × 60 × 4, ಅಂದರೆ ಸುಮಾರು 3.1 ಲೀಟರ್ ಮೇಲ್ಮಿತಿ.

ಬಾಯಾರಿಕೆಯನ್ನು ತಡೆಯುವ ದಾರಿ ಉಪ್ಪು ಕಡಿಮೆ ಮಾಡುವುದು. ಎಂಟು ಒಂಬತ್ತು ಗ್ರಾಂ ಉಪ್ಪು ಒಂದು ಲೀಟರ್ ನೀರನ್ನು ಹಿಡಿದಿಡುತ್ತದೆ. ದಿನಕ್ಕೆ 5 ಗ್ರಾಂ ಮೀರಬಾರದು, ಅಂದರೆ ಒಂದು ಮಟ್ಟಸ ಟೀ ಚಮಚಕ್ಕಿಂತ ಕಡಿಮೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ ಈ ಲೆಕ್ಕವನ್ನು ಒಂದೇ ಊಟದಲ್ಲಿ ಮುಗಿಸಿಬಿಡುತ್ತವೆ.

ವಾರಕ್ಕೆ ಎರಡೇ ಸಲ ಡಯಾಲಿಸಿಸ್ ಮಾಡಿಸಿದರೆ ಸಾಲದೇ?

ಮೂತ್ರ ಚೆನ್ನಾಗಿ ಬರುತ್ತಿರುವ ಕೆಲವರಿಗೆ ಸ್ವಲ್ಪ ಕಾಲ ಸಾಕಾಗಬಹುದು. ಮೂತ್ರ ನಿಂತವರಿಗೆ ಸಾಲದು. ವಾರಕ್ಕೆ ಮೂರು ಸಲ ಮಾಡಿಸುವವರಲ್ಲೂ ಎರಡು ದಿನದ ದೊಡ್ಡ ಬಿಡುವಿನ ನಂತರವೇ ಹೃದಯಾಘಾತ, ಸಾವು ಹೆಚ್ಚು ಎಂದು 2011ರ ಅಮೆರಿಕದ ಅಧ್ಯಯನ ತೋರಿಸಿತು. ಹಬ್ಬ, ಮದುವೆಗೆಂದು ಸರದಿ ತಪ್ಪಿಸುವುದು ನಿಜಕ್ಕೂ ಪ್ರಾಣಾಪಾಯ. ಖರ್ಚೇ ಅಡ್ಡಿಯಾಗಿದ್ದರೆ ನಿಮ್ಮ ಜಿಲ್ಲಾಸ್ಪತ್ರೆಯ ಡಯಾಲಿಸಿಸ್ ಘಟಕದಲ್ಲಿ ವಿಚಾರಿಸಿ. ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ 2016ರಲ್ಲಿ ಶುರುವಾಗಿದ್ದು, ಬಿಪಿಎಲ್ ಕುಟುಂಬದವರಿಗೆ ಉಚಿತ.

ಯಾವಾಗ ತಡಮಾಡದೆ ಆಸ್ಪತ್ರೆಗೆ ಹೋಗಬೇಕು?

ಕಿಡ್ನಿ ಕಾಯಿಲೆಯವರಲ್ಲಿ, ಅದರಲ್ಲೂ ಶುಗರ್ ಇದ್ದವರಲ್ಲಿ, ಹಾರ್ಟ್ ಅಟ್ಯಾಕ್ ಎದೆನೋವಿಲ್ಲದೆ ಬರಬಹುದು. ಏಕಾಏಕಿ ಏದುಸಿರು, ಚಪ್ಪಟೆ ಮಲಗಲಾಗದೆ ಎದ್ದು ಕೂರುವುದು, ತಣ್ಣನೆ ಬೆವರು, ವಿಪರೀತ ಸುಸ್ತು, ಕಣ್ಣು ಕತ್ತಲೆ, ಕೈಕಾಲು ಸೋಲುವುದು: ಇವುಗಳಲ್ಲಿ ಯಾವುದು ಕಂಡರೂ 108ಕ್ಕೆ ಕರೆ ಮಾಡಿ. ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿದು ಕಾಯಬೇಡಿ. ಹೋದ ತಕ್ಷಣ ಕಿಡ್ನಿ ರೋಗಿ ಎಂದು, ಕೊನೆಯ ಡಯಾಲಿಸಿಸ್ ಯಾವತ್ತು ಆಯಿತೆಂದು ಹೇಳಿ. ಫಿಸ್ಟುಲಾ (ಡಯಾಲಿಸಿಸ್‌ಗೆಂದು ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳ) ಇರುವ ಕೈಗೆ ಸೂಜಿ, ಬಿಪಿ ಪಟ್ಟಿ ಬೇಡ ಎಂದೂ ಹೇಳಿ.

ಆಂಜಿಯೋಗ್ರಾಂನ ಬಣ್ಣದ ದ್ರವದಿಂದ ಇರುವ ಕಿಡ್ನಿಯೂ ಹೋಗುತ್ತದೆ ಎನ್ನುತ್ತಾರಲ್ಲ?

ನಿಜವಾದ ಹಾರ್ಟ್ ಅಟ್ಯಾಕ್ ಆಗುತ್ತಿರುವಾಗ ಆ ಭಯಕ್ಕೆ ಆಂಜಿಯೋಗ್ರಾಂ ಬೇಡವೆನ್ನಬೇಡಿ. ದ್ರವವನ್ನು ಕನಿಷ್ಠ ಬಳಸಿ, ಮೊದಲು ಹಿಡಿಸುವಷ್ಟು ಸಲೈನ್ ಕೊಟ್ಟು ಅಪಾಯ ಕಡಿಮೆ ಮಾಡುತ್ತಾರೆ. ತುರ್ತು ಇಲ್ಲದ, ಸ್ಥಿರವಾದ ಬ್ಲಾಕ್ ಇದ್ದು ಕಿಡ್ನಿ ಕಾಯಿಲೆ ಮುಂದುವರಿದವರಿಗೆ ಮಾತು ಬೇರೆ. ಸ್ಟೆಂಟ್ ಅಥವಾ ಬೈಪಾಸ್‌ಗೆ ಅವಸರಪಟ್ಟಿದ್ದರಿಂದ ಸಾವು ಅಥವಾ ಹೃದಯಾಘಾತ ಕಡಿಮೆಯಾಗಲಿಲ್ಲ ಎಂದು 2020ರ ಇಸ್ಕೀಮಿಯಾ-ಸಿಕೆಡಿ ಅಧ್ಯಯನ ತೋರಿಸಿದೆ. ಅಂಥವರು ಹೃದಯತಜ್ಞ ಮತ್ತು ನೆಫ್ರಾಲಜಿಸ್ಟ್ ಇಬ್ಬರನ್ನೂ ಕೇಳಿ ನಿರ್ಧರಿಸಿ.

ಕಿಡ್ನಿ ಕಸಿ ಆದರೆ ಹೃದಯ ಸುಧಾರಿಸುತ್ತದೆಯೇ?

ಬಹಳ ಮಂದಿಯಲ್ಲಿ ಸುಧಾರಿಸುತ್ತದೆ. ಹೊಸ ಕಿಡ್ನಿ ಇಂಡಾಕ್ಸಿಲ್ ಸಲ್ಫೇಟನ್ನೂ ಹೊರಹಾಕುತ್ತದೆ, ಎಫ್‌ಜಿಎಫ್-23 ಇಳಿಯುತ್ತದೆ, ದುರ್ಬಲವಾಗಿದ್ದ ಪಂಪಿಂಗ್ ಮೇಲೇಳುವುದೂ ಉಂಟು. ಪಂಪಿಂಗ್ ಕಡಿಮೆ ಇದೆ ಎಂಬ ಒಂದೇ ಕಾರಣಕ್ಕೆ ಕಸಿ ಆಸೆ ಬಿಡಬೇಡಿ, ಎರಡನೇ ಅಭಿಪ್ರಾಯ ಕೇಳಿ. ಕಟ್ಟಿದ ಸುಣ್ಣ ಮಾತ್ರ ಹಾಗೇ ಉಳಿಯುತ್ತದೆ. ಕಸಿಯ ನಂತರದ ಸ್ಟೀರಾಯ್ಡ್, ಟ್ಯಾಕ್ರೋಲಿಮಸ್ ಮಾತ್ರೆಗಳು ಬಿಪಿ, ಶುಗರ್ ಏರಿಸುವುದರಿಂದ ಹೃದಯದ ತಪಾಸಣೆ ಆಮೇಲೂ ಮುಂದುವರಿಯಬೇಕು. ಮನೆಯಲ್ಲಿ ದಾನಿ ಇಲ್ಲದವರು ತಮ್ಮ ಕಸಿ ಆಸ್ಪತ್ರೆಯ ಮೂಲಕ ಕರ್ನಾಟಕದ ಅಂಗದಾನ ವ್ಯವಸ್ಥೆಯಾದ ಜೀವಸಾರ್ಥಕತೆಯ ಪಟ್ಟಿಯಲ್ಲಿ ಹೆಸರು ನೋಂದಾಯಿಸಬಹುದು. ಕಾಯುವ ಕಾಲ ಉದ್ದವಿರುವುದರಿಂದ, ಅರ್ಹರೆಂದು ವೈದ್ಯರು ಹೇಳಿದ ಕೂಡಲೇ ನೋಂದಾಯಿಸಿ.